ಕೆರೆ ತಿಳಿಯಾದ ವರ್ಷ

ಬೆಳಿಗ್ಗೆ ಅವಳು ಬಂದು ನೋಡಿದಾಗ ಪ್ರಯೋಗಾಲಯದ ಬೀಕರುಗಳಲ್ಲಿ ಗಿಡಗಳು ಸಾಯದೆ ಉಳಿದಿದ್ದವು. ಸಾಯಬೇಕಿತ್ತು. ಇಷ್ಟು ಹೊತ್ತಿಗೆ ಬಿಳಚಿಕೊಂಡು, ಬೇರು ಕಳಚಿಕೊಂಡು, ಜೊತೆಗೂಡಿದ್ದ ಎಲೆಗಳೆಲ್ಲ ಚದುರಿ ಒಂಟಿಯಾಗಿ ತೇಲಬೇಕಿತ್ತು. ಬದಲಿಗೆ ಬೆಳಕಿನ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ, ಕೆರೆಯಿಂದ ತಂದು ಕಾರ್ಖಾನೆಯ ಪುಡಿ ಬೆರೆಸಿದ ಕಂದು ನೀರಿನ ಮೇಲೆ, ಅವು ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದರ ಮೇಲೊಂದು ಬಿದ್ದು ನೂಕಾಡುತ್ತಿದ್ದವು. ಮೇಲಿನ ಅಂತಸ್ತಿನಲ್ಲಿ, ಶುದ್ಧ ನೀರಿಗೆ ಅದೇ ಪುಡಿಯನ್ನು ಅಷ್ಟೇ ಪ್ರಮಾಣದಲ್ಲಿ ಬೆರೆಸಿದ ಬೀಕರುಗಳಲ್ಲಿ, ಗಿಡಗಳು ಹೇಳಿದ ಮಾತು ಕೇಳಿದ್ದವು, ಸತ್ತಿದ್ದವು. ಅವಳು ಬಾಗಿಲಿಗೆ ಚಿಲಕ ಹಾಕಿ ಬಂದು ಸ್ಟೂಲಿನ ಮೇಲೆ ಕೂತಳು. ಚಿಲಕ ಯಾಕೆ ಹಾಕಿದೆ ಎಂಬುದು ಆಮೇಲೆ ಹೊಳೆದು ನಾಚಿಕೆಯಾಯಿತು. ಗಿಡ ಬದುಕಿರುವುದನ್ನು ಯಾರಾದರೂ ನೋಡಿಬಿಟ್ಟಾರು ಎಂಬ ಭಯ, ಅದೂ ಗಿಡಗಳನ್ನು ಓದುವುದರಲ್ಲೇ ಅರ್ಧ ಆಯಸ್ಸು ಸವೆಸಿದವಳಿಗೆ. ಮೊದಲ ಸಲ ಹೀಗಾದಾಗ ಕೈತಪ್ಪು ಅಂದುಕೊಂಡಿದ್ದಳು, ಎರಡನೆಯ ಸಲ ನೀರು ತರುವಾಗ ಏನೋ ಎಡವಟ್ಟಾಗಿದೆ ಎಂದು. ಈಗ ಅಂದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಸಂಜೆ ಪುರಸಭೆಯಲ್ಲಿ ಸಭೆ. ಕೆರೆ ಉಳಿಸುವ ಸಮಿತಿಯ ಪರವಾಗಿ, ಅಂದರೆ ಅಕ್ಕನ ಪರವಾಗಿ, ಕಾರ್ಖಾನೆಯ ಪುಡಿ ಕೆರೆಯ ಗಿಡಗಳನ್ನು ಕೊಲ್ಲುತ್ತಿದೆ ಎಂದು ಅವಳು ಎದ್ದು ನಿಂತು ಹೇಳಬೇಕಿತ್ತು.

ಜನ ಈ ಗಿಡವನ್ನು ಪಾಚಿ ಅನ್ನುತ್ತಾರೆ. ಪಾಚಿಯಲ್ಲ. ಹೂ ಬಿಡುವ ಗಿಡಗಳಲ್ಲೇ ತೀರ ಚಿಕ್ಕವುಗಳ ಕುಲದ್ದು. ಎಳ್ಳುಕಾಳಿನಷ್ಟಗಲದ ಎಲೆ, ಅದರ ಕೆಳಗೆ ದಾರದಂಥ ಒಂದೇ ಒಂದು ಬೇರು. ಪಾಚಿಯಲ್ಲ ಎಂದು ಅವಳು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದಾಳೆ, ಅವರು ಕಿಟಕಿಯಾಚೆ ನೋಡತೊಡಗಿದ ಮೇಲೂ ಹೇಳಿದ್ದಾಳೆ. ಹುಟ್ಟುಗುಣ. ಚಿಕ್ಕವಳಿದ್ದಾಗ ಮನೆಗೆ ಬಂದವರ ಮುಂದೆ ಅಕ್ಕ ಕಥೆ ಹೇಳುತ್ತಿದ್ದಳು: ಕೆರೆಯ ಮೆಟ್ಟಿಲ ಮೇಲೆ ಹಾವು ಹೆಡೆ ಎತ್ತಿ ನಿಂತದ್ದು, ತಾನು ತಂಗಿಯನ್ನು ಎಳೆದುಕೊಂಡು ಓಡಿದ್ದು. ಕೇಳುವವರು ಟೀ ಲೋಟ ಕೈಯಲ್ಲೇ ಹಿಡಿದುಕೊಂಡು ಬಾಯಿ ತೆರೆದು ಕೂತಿರುತ್ತಿದ್ದರು. ಆಗ ಅವಳು ಮೂಲೆಯಿಂದ, 'ಅದು ನೀರುಹಾವು, ಹೆಡೆ ಇರಲಿಲ್ಲ, ಇಷ್ಟೇ ಇತ್ತು' ಎಂದು ಬೆರಳು ತೋರಿಸುತ್ತಿದ್ದಳು. ಅಪ್ಪ ಜೋರಾಗಿ ನಕ್ಕು, 'ಬಂತಪ್ಪ ನಮ್ಮ ತಿದ್ದುಪಡಿ!' ಅನ್ನುತ್ತಿದ್ದ. ಆ ಹೆಸರೇ ನಿಂತಿತು. ಚಿಕ್ಕಪ್ಪ, ಅತ್ತೆ, ಎದುರು ಮನೆಯ ಟೈಲರು ಎಲ್ಲರೂ ಅವಳನ್ನು ತಿದ್ದುಪಡಿ ಎಂದೇ ಕರೆದರು. ಯಾರೂ ಹಾವು ಎಷ್ಟು ಉದ್ದವಿತ್ತು ಎಂದು ಆಮೇಲೆ ಕೇಳಲಿಲ್ಲ. ಅವರಿಗೆ ಹೆಡೆಯೆತ್ತಿದ ಹಾವೇ ಬೇಕಾಗಿತ್ತು. ಅಕ್ಕ ಮಾತ್ರ ಒಂದು ಕ್ಷಣ, ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ, ಅವಳ ಕಡೆ ನೋಡುತ್ತಿದ್ದಳು. ಮರುಕ್ಷಣ ತಾನೂ ಎಲ್ಲರ ಜೊತೆ ಸೇರಿ ನಗುತ್ತಿದ್ದಳು. ಆ ಒಂದು ಕ್ಷಣದ ಮುಖಕ್ಕಾಗಿ ತಾನು ಎಷ್ಟು ಸಲ ಬಾಯಿ ತೆರೆದಿದ್ದೆ ಎಂದು ಅವಳು ಸ್ಟೂಲಿನ ಮೇಲೆ ಕೂತು ಯೋಚಿಸಿದಳು. ಯೋಚಿಸಿ, ಅದನ್ನು ಅಲ್ಲಿಗೇ ಬಿಟ್ಟಳು.

ಸತುವಿನ ಆಕ್ಸೈಡಿನ ಪುಡಿ ನೋಡುವುದಕ್ಕೆ ಮುಖಕ್ಕೆ ಹಚ್ಚುವ ಪೌಡರಿನ ಹಾಗೆಯೇ. ಒಂದೊಂದು ಕಣವೂ ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣದು. ಕೆರೆಯಾಚೆಯ ಕಾರ್ಖಾನೆಯಲ್ಲಿ ಅದನ್ನು ಕಿಟಕಿಯ ಗಾಜಿಗೆ ಲೇಪಿಸುತ್ತಾರೆ, ಬಿಸಿಲು ತಡೆಯಲಿ ಎಂದು. ತೊಳೆದ ನೀರು ಪೈಪಿನಲ್ಲಿ ಕೆರೆಗೆ ಬರುತ್ತದೆ. ಕಣ್ಣಿಗೆ ಅದು ತಿಳಿನೀರು, ವಾಸನೆಯಿಲ್ಲ, ನೊರೆಯಿಲ್ಲ. ಆ ಪೈಪಿನ ಬಾಯಲ್ಲಿ, ಒಂದು ಅಂಗಳದಷ್ಟು ಜಾಗದಲ್ಲಿ, ಹೋದ ಬೇಸಿಗೆಯಿಂದ ಒಂದು ಗಿಡವೂ ನಿಲ್ಲುತ್ತಿರಲಿಲ್ಲ. ಅದನ್ನು ಮೊದಲು ಕಂಡವಳು ಅಕ್ಕ. ನಿವೃತ್ತಳಾದ ಮೇಲೆ ಕೆರೆದಂಡೆಯ ಮನೆಯಲ್ಲಿ ಕೈಕಟ್ಟಿ ಕೂರಲಾಗದೆ, ಮೀನು ಹಿಡಿಯುವವರನ್ನು, ಬಟ್ಟೆ ಒಗೆಯುವವರನ್ನು, ಬೆಳಗಿನ ವಾಕಿಂಗಿನವರನ್ನು ಒಟ್ಟು ಹಾಕಿ ಸಮಿತಿ ಕಟ್ಟಿದಳು. 'ಕೆರೆ ಸಾಯ್ತಾ ಇದೆ' ಎಂದು ಎಲ್ಲೆಡೆ ಹೇಳುತ್ತ ಬಂದಳು. ಕೆರೆ ಸಾಯುತ್ತಿರಲಿಲ್ಲ, ಒಂದು ಅಂಗಳ ಸಾಯುತ್ತಿತ್ತು. ಉಳಿದ ಕೆರೆಯ ತುಂಬ ಗಿಡ ಹಸಿರು ಚಾಪೆ ಹಾಸಿದಂತೆ ಇತ್ತು. ಯಾಕೆ ಇತ್ತು ಎನ್ನುವುದು ಈಗ ಈ ಕೆಳಗಿನ ಅಂತಸ್ತಿನ ಬೀಕರುಗಳಿಂದ ಗೊತ್ತಾಗುತ್ತಿತ್ತು. ಕೊಳೆ ಕಾಯುತ್ತಿತ್ತು. ದಂಡೆಯ ಮನೆಗಳ ಬಚ್ಚಲ ನೀರು, ಅಕ್ಕನ ಬೀದಿಯದೂ ಸೇರಿ, ವರ್ಷಗಟ್ಟಲೆ ಕೆರೆಗೆ ಇಳಿದು ಕಂದು ಕಷಾಯವಾಗಿತ್ತು. ಆ ಕೊಳೆ ಕಣಗಳನ್ನು ಸುತ್ತಿಕೊಂಡು, ಉಂಡೆ ಕಟ್ಟಿ, ಕೆಸರಿಗೆ ಎಳೆದುಕೊಂಡು ಹೋಗುತ್ತಿತ್ತು. ಕಾರ್ಖಾನೆಯ ತಿಳಿನೀರು ಬೀಳುವಲ್ಲಿ ಕೊಳೆ ತೆಳುವಾಗಿ, ಅಲ್ಲಿ ಮಾತ್ರ ವಿಷ ವಿಷವಾಗಿಯೇ ಉಳಿಯುತ್ತಿತ್ತು. ಸಮಿತಿಯ ಮೊದಲ ಬೇಡಿಕೆ ಕಾರ್ಖಾನೆಯ ಪೈಪು ಮುಚ್ಚಿ ಎಂಬುದು, ಎರಡನೆಯದು ಕೆರೆಗೆ ಬರುವ ಬಚ್ಚಲ ನೀರು ನಿಲ್ಲಿಸಿ ಎಂಬುದು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ನಡೆಸಿಕೊಟ್ಟರೆ, ಅಕ್ಕ ಹೇಳುತ್ತ ಬಂದ ಸುಳ್ಳು ನಿಜವಾಗುತ್ತಿತ್ತು.

ಮಧ್ಯಾಹ್ನ ಅಕ್ಕ ಪ್ರಯೋಗಾಲಯಕ್ಕೇ ಬಂದಳು. ಕಾರಿಡಾರಿನಲ್ಲಿ ಕಾವಲುಗಾರನ ಮಗಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸುವ ಅವಳ ದನಿ ಮೊದಲು ಬಂತು. ಇಷ್ಟು ವರ್ಷ ಅವನ ಮುಂದೆ ದಿನಾ ಹಾದು ಹೋಗುತ್ತಿದ್ದರೂ ಅವನಿಗೆ ಮಗಳಿದ್ದಾಳೆಂಬುದು ತಂಗಿಗೆ ಗೊತ್ತಿರಲಿಲ್ಲ. ಅವಳು ಎದ್ದು ಚಿಲಕ ತೆಗೆದಳು.

"ಚಿಲಕ ಹಾಕ್ಕೊಂಡು ಏನೇ ಮಾಡ್ತಿದೀಯ? ನಿದ್ದೆನಾ?" ಅಕ್ಕ ಒಳಗೆ ಬಂದವಳೇ ಕಪಾಟಿನ ಮುಂದೆ ನಿಂತಳು. ನೇರವಾಗಿ ಮೇಲಿನ ಅಂತಸ್ತಿಗೇ ಕೈ ಹಾಕಿದಳು. "ಇದೇ ಅಲ್ವಾ? ಅಯ್ಯೋ, ಹೆಂಗಾಗಿವೆ ನೋಡು, ಹೆಣದ ಮುಖದ ಹಾಗೆ. ಇದೊಂದು ಜಾಡಿಗೆ ಹಾಕಿ ಕೊಡು. ಅಧ್ಯಕ್ಷರ ಮೇಜಿನ ಮೇಲೆ ಇಡ್ತೀನಿ."

"ಅಕ್ಕಾ, ಅದು ಕೆರೆ ನೀರಲ್ಲ."

"ಪುಡಿ ಅದೇ ತಾನೇ?"

"ಪುಡಿ ಅದೇ. ಆದ್ರೆ ನೀರು..."

"ಗಿಡ ಅದೇ ತಾನೇ?"

"ಹೂಂ. ಆದ್ರೆ..."

"ಆದ್ರೆ, ಆದ್ರೆ, ಆದ್ರೆ." ಅಕ್ಕ ನಕ್ಕು ಅವಳ ಕೆನ್ನೆಯನ್ನು ಹಗುರವಾಗಿ ತಟ್ಟಿದಳು. ಐವತ್ತು ದಾಟಿದವಳ ಕೆನ್ನೆ. "ನಿನ್ನ ಹೊಟ್ಟೆಯಲ್ಲಿ ಹುಟ್ಟಬೇಕಾಗಿದ್ದ ಮಕ್ಕಳೆಲ್ಲ ಈ ಆದ್ರೆಗಳೇ ಆಗಿಬಿಟ್ವು ನೋಡು."

ಅಕ್ಕ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವಳಿಗೆ ಬಾಯಿಗೆ ಬಂದ ಚಂದದ ಮಾತನ್ನು ನುಂಗಿಕೊಂಡು ರೂಢಿಯಿಲ್ಲ ಅಷ್ಟೇ. ಆದರೆ ಕೆಳಗಿನ ಅಂತಸ್ತಿನ ಕಡೆ ಎತ್ತಬೇಕೆಂದಿದ್ದ ತಂಗಿಯ ಬೆರಳು ಅಲ್ಲಿಗೇ ನಿಂತಿತು. ಅವಳು ಜಾಡಿ ಹುಡುಕಿದಳು. ತೆಳ್ಳಗಿನ ತಂತಿಯ ಕುಣಿಕೆಯಿಂದ ಸತ್ತ ಗಿಡಗಳನ್ನು ಒಂದೊಂದಾಗಿ ಎತ್ತಿ ಜಾಡಿಗೆ ಬಿಟ್ಟಳು. ಹಸಿರು ಬೀಕರುಗಳು ಮೊಣಕಾಲ ಮಟ್ಟದಲ್ಲಿ ಬೆಳಗುತ್ತಲೇ ಇದ್ದವು. ಅಕ್ಕ ಒಂದು ಸಲವೂ ಬಗ್ಗಿ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆ ಎಂದು ಅವಳು ಆಮೇಲೆ ಎಷ್ಟೋ ಸಲ ತನಗೇ ಹೇಳಿಕೊಂಡಳು. ಕೇಳಿದ್ದರೆ ಹೇಳುತ್ತಿದ್ದೆ. ಬಗ್ಗಿ ನೋಡದವರಿಗೆ ಹೇಳುವುದು ತನ್ನ ಕೆಲಸವೇ, ಎಂದು ಕೇಳಿಕೊಂಡರೆ ಮಾತ್ರ ಉತ್ತರ ಸುಲಭವಾಗಿರಲಿಲ್ಲ.

ಸಭಾಂಗಣದ ಪಂಖಗಳು ಸದ್ದು ಮಾಡುತ್ತಿದ್ದವೇ ಹೊರತು ಗಾಳಿ ಬರುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೀನು ಹಿಡಿಯುವವರು ಒಂದು ಕಡೆ, ಕಾರ್ಖಾನೆಯ ಕೆಲಸಗಾರರು ಒಂದು ಕಡೆ ಕೂತಿದ್ದರು. ಎರಡೂ ಕಡೆಯವರು ಒಬ್ಬರಿಗೊಬ್ಬರು ಸಂಬಂಧಿಕರೇ ಆದ್ದರಿಂದ ನಡುವೆ ಕುಶಲ ಪ್ರಶ್ನೆಗಳೂ ನಡೆಯುತ್ತಿದ್ದವು. ಅಧ್ಯಕ್ಷ ದಪ್ಪ ಕನ್ನಡಕದ, ಬೇಗ ಬೇಸರ ಬರುವ ಮನುಷ್ಯ. ಕಾರ್ಖಾನೆಯ ಸಲಹೆಗಾರರಾಗಿ ಬಂದವರನ್ನು ಅವಳು ಎರಡು ಸಲ ನೋಡಿದಳು. ಅವಳ ಪ್ರೊಫೆಸರು. ತಂತಿಯ ಕುಣಿಕೆಯಲ್ಲಿ ಗಿಡವನ್ನು ನೋಯದ ಹಾಗೆ ಎತ್ತುವುದನ್ನು ಕೈ ಹಿಡಿದು ಕಲಿಸಿದವರು. ಈಗ ತಲೆಯೆಲ್ಲ ಬೆಳ್ಳಗಾಗಿ, ಕೋಟು ಹೆಗಲಿಗೆ ದೊಡ್ಡದಾಗಿ, ಅವಳನ್ನು ಕಂಡು ಕಣ್ಣಲ್ಲೇ ನಕ್ಕರು.

ಅಕ್ಕ ಮಾತಾಡಿದಳು. ಆಡಿದ್ದು ಸ್ವಲ್ಪ ಹೊತ್ತು, ಆದರೆ ಸಭೆ ಅವಳ ಕೈವಶವಾಯಿತು. ಜಾಡಿಯನ್ನು ಅಧ್ಯಕ್ಷನ ಮುಂದಿಟ್ಟು, "ಇವು ಮಾತಾಡಲ್ಲ ಸ್ವಾಮಿ, ಅದಕ್ಕೆ ನಾವು ಬಂದಿದೀವಿ" ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣೀರು! ಎಳ್ಳುಕಾಳಿನಷ್ಟು ಗಿಡಕ್ಕೆ. ಇಪ್ಪತ್ತು ವರ್ಷಗಳಿಂದ ತಾನು ಬರೆದ ಯಾವ ಪ್ರಬಂಧಕ್ಕೂ ಯಾರೂ ಆಕಳಿಸಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಅವಳ ಸರದಿ ಬಂತು. ಶುದ್ಧ ನೀರಿನಲ್ಲಿ ಏನಾಯಿತೆಂದು ಹೇಳಿದಳು. ಪ್ರತಿ ವಾಕ್ಯವೂ ನಿಜವಾಗಿತ್ತು, ಒಟ್ಟಿನಲ್ಲಿ ಅದು ನಿಜವಾಗಿರಲಿಲ್ಲ. ಕೂರಲು ಹೊರಟಾಗ ಪ್ರೊಫೆಸರು ಮೆಲ್ಲಗೆ ಕೈ ಎತ್ತಿದರು.

"ಕೆಲಸ ಅಚ್ಚುಕಟ್ಟಾಗಿದೆ ಮಗಳೇ. ಒಂದೇ ಒಂದು ಮಾತು. ಕೆರೆ ನೀರಲ್ಲಿ ಮಾಡಿ ನೋಡಿದ್ಯಾ?"

ಅವರಿಗೆ ಗೊತ್ತಿತ್ತೋ ಇಲ್ಲವೋ. ಅವರ ಕಣ್ಣುಗಳಲ್ಲಿ ಮೋಸವಿರಲಿಲ್ಲ. ಒಳ್ಳೆಯ ವಿದ್ಯಾರ್ಥಿನಿಗೆ ಸುಲಭದ ಪ್ರಶ್ನೆ ಹಾಕುವ ಅದೇ ಹಳೆಯ ಪ್ರೀತಿಯಿತ್ತು. ಇಲ್ಲ ಅನ್ನಬಹುದಿತ್ತು. ಅಂಥ ಪ್ರಯೋಗ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ, ಎಂದು ಜಾರಿಕೊಳ್ಳಬಹುದಿತ್ತು. ನಾಲಿಗೆ ಹೊರಳಲಿಲ್ಲ.

"ನೋಡಿದೀನಿ."

"ಏನಾಯ್ತು?"

"ಬದುಕಿವೆ."

ಮುಂದಿನ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಬದುಕಿರುವುದು ಕೊಳೆಯಿಂದ, ಕೊಳೆ ತೆಗೆದು ಪೈಪು ಉಳಿಸಿದರೆ ಕೆರೆಯೆಲ್ಲ ಈ ಜಾಡಿಯ ಹಾಗಾಗುತ್ತದೆ. ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಉರು ಹೊಡೆದಿದ್ದ ವಾಕ್ಯ. ಆದರೆ ಅದಕ್ಕೆ ಮೊದಲು ಅವಳು ತಿರುಗಿ ಅಕ್ಕನ ಕಡೆ ನೋಡಿದಳು. ಅಕ್ಕನ ಮುಖ ಕೆನ್ನೆಗೆ ಹೊಡೆಸಿಕೊಂಡವಳ ಮುಖವಾಗಿತ್ತು. ಜಾಡಿಯ ಮೇಲಿಟ್ಟಿದ್ದ ಕೈ ಹಾಗೆಯೇ ಇತ್ತು, ಯಾರದೋ ಕೈಯ ಹಾಗೆ. ಈ ಸಲ ಅಕ್ಕ ನಗಲಿಲ್ಲ. ತಂಗಿಯೊಳಗೆ ಏನೋ ಬೆಚ್ಚಗೆ ಹರಿಯಿತು, ಸಿಹಿಯಾಗಿ. ಅದನ್ನು ಬೇಗ ಮುಗಿಸಲು ಮನಸ್ಸಾಗಲಿಲ್ಲ. ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು ಸುಮ್ಮನೆ ನಿಂತಳು. ಅಷ್ಟೇ. ಅಷ್ಟರಲ್ಲಿ ಕಾರ್ಖಾನೆಯ ಕಡೆಯವರು ಮೇಜು ಬಡಿದರು, ಮೀನಿನವರು ಎದ್ದು ನಿಂತರು, ಯಾರೋ 'ನಾಟಕ ಕಂಪನಿ!' ಎಂದು ಕೂಗಿದರು, ಅಧ್ಯಕ್ಷ ಗಂಟೆ ಒತ್ತಿದ.

"ಇನ್ನೂ ಇದೆ, ಕೇಳಿ, ಪೂರ್ತಿ ಹೇಳಿಲ್ಲ ನಾನು!"

"ಕೇಳಿದ್ದಾಯ್ತು ಮೇಡಂ. ನಿಮ್ಮ ಬಾಯಿಂದಲೇ ಕೇಳಿದ್ದಾಯ್ತು. ಕೂತ್ಕೊಳಿ."

ಮೈಕನ್ನು ಯಾರೋ ಅವಳ ಕೈಯಿಂದ ಬಿಡಿಸಿಕೊಂಡರು. ಸಭ್ಯವಾಗಿಯೇ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ. ಆಮೇಲೆ ಅವಳು ಹೇಳಿದ್ದೆಲ್ಲ ಮುಂದಿನ ಸಾಲಿನ ಕಾರಕೂನನಿಗೆ ಮಾತ್ರ ಕೇಳಿಸಿತು. ಅವನು ತನ್ನ ಪೆನ್ನಿನ ಮುಚ್ಚಳ ಹುಡುಕುತ್ತಿದ್ದ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅಕ್ಕನ ತೊಡೆಯ ಮೇಲೆ ಜಾಡಿಯಿತ್ತು. ತಿರುವಿನಲ್ಲೆಲ್ಲ ಅದರೊಳಗಿನ ನೀರು ಒಂದು ಬದಿಗೆ ವಾಲಿ, ಸತ್ತ ಗಿಡಗಳು ಗಾಜಿಗೆ ಅಂಟಿ, ಮತ್ತೆ ಇಳಿಯುತ್ತಿದ್ದವು. ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ತಂಗಿಯ ಬಳಿ ಉತ್ತರ ತಯಾರಾಗಿತ್ತು: ಸುಳ್ಳು ಹೇಳು ಅಂತೀಯಾ? ನಾಳೆ ಬೇರೆಯವರು ಕಂಡುಹಿಡಿದಿದ್ದರೆ? ಆದರೆ ಅಕ್ಕ ಆ ದಾರಿಗೇ ಬರಲಿಲ್ಲ.

"ನಿಜ ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ," ಎಂದಳು, ಕಿಟಕಿಯ ಕಡೆ ಮುಖ ಮಾಡಿ. "ಬದುಕಿವೆ ಅಂದೆ. ಅಂದು ನಿಂತುಬಿಟ್ಟೆ. ಯಾಕೆ ನಿಂತೆ?"

"ಗಂಟಲು ಒಣಗಿತ್ತು."

ಅಕ್ಕ ಚೀಲದೊಳಗೆ ಕೈ ಹಾಕಿ ನೀರಿನ ಬಾಟಲು ತೆಗೆದಳು. ಮುಚ್ಚಳ ತಿರುಗಿಸಿ ಅವಳ ಮುಂದೆ ಹಿಡಿದಳು. ಬಾಯಾರಿಕೆ ಇರಲಿಲ್ಲ. ಕುಡಿದಳು. ಅಕ್ಕ ನೋಡುತ್ತಿದ್ದುದರಿಂದ ಇನ್ನೂ ಸ್ವಲ್ಪ ಕುಡಿದಳು.

ಮುಂದಿನದೆಲ್ಲ ಅವಳು ಅಂದುಕೊಂಡ ಹಾಗೆಯೇ ಆಯಿತು, ಅದೇ ಅದರಲ್ಲಿನ ಕೆಟ್ಟ ಭಾಗ. ತಪ್ಪು ಕಾರ್ಖಾನೆಯದಲ್ಲ ಎಂದಾಯಿತು. ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ದಂಡೆಯ ಮನೆಗಳಿಗೆ ಒಳಚರಂಡಿಯನ್ನು ತಮ್ಮ ಖರ್ಚಿನಲ್ಲೇ ಹಾಕಿಸಿಕೊಡುವುದಾಗಿ ಘೋಷಿಸಿದರು. ಸಮಿತಿಯವರು ಸಮಿತಿ ಬಿಟ್ಟು ಚರಂಡಿ ಕೆಲಸದ ಉಸ್ತುವಾರಿಗೆ ಸೇರಿಕೊಂಡರು. ಅವಳು ಅಧ್ಯಕ್ಷನ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾದಳು, ಒಳಗೆ ಕರೆದಾಗ ಎಲ್ಲವನ್ನೂ ಹೇಳಿದಳು. ಅವನು ತಾಳ್ಮೆಯಿಂದ ಕೇಳಿ, "ಅಂದ್ರೆ ನೀವು ಹೇಳೋದು, ಕೆರೆಗೆ ಬಚ್ಚಲ ನೀರು ಬಿಡಿ ಅಂತನಾ ಮೇಡಂ?" ಎಂದ. ಪಕ್ಕದಲ್ಲಿದ್ದ ಎಂಜಿನಿಯರು ಕೆಮ್ಮಿನಂತೆ ನಕ್ಕ. ಕೊಳೆ ನಿಲ್ಲಿಸುವ ಮುಂಚೆ ಪೈಪು ನಿಲ್ಲಿಸಿ ಎಂದಳು. "ಪೈಪಿಂದ ತೊಂದ್ರೆ ಇಲ್ಲ ಅಂತ ನೀವೇ ಹೇಳಿದ್ರಲ್ಲ!" ಪ್ರೊಫೆಸರಿಗೆ ಫೋನು ಮಾಡಿದಳು. ಅವರು ಎಲ್ಲ ಕೇಳಿಕೊಂಡು, "ಬಹಳ ಸೊಗಸಾದ ವಿಷಯ, ಪ್ರಕಟಿಸು" ಅಂದರು. ಪ್ರಕಟಿಸಿದಳು. ದೂರದ ಯಾವುದೋ ವಿಶ್ವವಿದ್ಯಾಲಯದವರೊಬ್ಬರು ಆ ಗಿಡದ ಬೀಜ ಸಿಗುತ್ತದೆಯೇ ಎಂದು ಕೇಳಿದರು.

ಅಕ್ಕ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಮರ್ಯಾದೆ ಕೊಡತೊಡಗಿದಳು. ಭಾನುವಾರ ಹೋದರೆ ಮೊದಲೆಲ್ಲ, 'ಬಂದ್ಯಾ, ಆ ಪಾತ್ರೆ ತೊಳಿ' ಎನ್ನುತ್ತಿದ್ದವಳು ಈಗ ಕುರ್ಚಿ ಎಳೆದು ಕೂರಿಸುತ್ತಿದ್ದಳು, ಬಸಿಯಲ್ಲಿಟ್ಟು ಟೀ ಕೊಡುತ್ತಿದ್ದಳು. ಏನಾದರೂ ಕಥೆ ಹೇಳಲು ಶುರು ಮಾಡಿ, ನಡುವೆ ನಿಲ್ಲಿಸಿ, "ಸರಿಯಾಗಿ ಗೊತ್ತಿಲ್ಲಪ್ಪ, ಹಂಗಂತೆ" ಎಂದು ಅರ್ಧಕ್ಕೇ ಬಿಡುತ್ತಿದ್ದಳು. ತಂಗಿಗೆ ಅದನ್ನು ಕೇಳಿ ಸಹಿಸಲಾಗುತ್ತಿರಲಿಲ್ಲ. ಹೇಳು, ಹೆಡೆ ಬಿಚ್ಚಿದ ಹಾವು ಅಂತಲೇ ಹೇಳು, ನಾನು ಬಾಯಿ ತೆರೆಯಲ್ಲ ಎಂದು ಕಿರುಚಬೇಕೆನಿಸುತ್ತಿತ್ತು. ಕೊಳೆಯ ವಿಷಯವನ್ನು ಅಕ್ಕನಿಗೆ ಬಿಡಿಸಿ ಹೇಳಲು ನೋಡಿದಳು. ಅಕ್ಕ ಕೈ ಅಡ್ಡ ಹಿಡಿದು, "ಬಿಡು, ಆ ಮಾತು ಮುಗೀತಲ್ಲ," ಎಂದು ಇನ್ನೊಂದು ಚಮಚ ಸಕ್ಕರೆ ಬೇಕೇ ಎಂದು ವಿಚಾರಿಸಿದಳು. ಬೇಡವೆಂದು ಹೇಳುವಷ್ಟರಲ್ಲಿ ಹಾಕಿಯೂ ಬಿಟ್ಟಿದ್ದಳು.

ಒಳಚರಂಡಿ ಮುಗಿದು, ಒಂದು ಮಳೆಗಾಲ ಕಳೆದು, ಕೆರೆ ತಿಳಿಯಾಯಿತು. ನಿಜವಾಗಿಯೂ ತಿಳಿಯಾಯಿತು. ದಂಡೆಯಲ್ಲಿ ನಿಂತರೆ ತಳದ ಕಲ್ಲು ಕಾಣುತ್ತಿತ್ತು. ವಯಸ್ಸಾದವರು, 'ನಾವು ಚಿಕ್ಕವರಿದ್ದಾಗ ಹಿಂಗೇ ಇತ್ತು' ಎಂದು ಕಣ್ಣು ತುಂಬಿಕೊಂಡರು. ದೋಣಿ ಬಂದವು, ಬೆಂಚುಗಳು ಬಂದವು, ಉದ್ಘಾಟನೆಗೆ ಶಾಮಿಯಾನ ಹಾಕಿದರು. ಅಕ್ಕನನ್ನು ವೇದಿಕೆಗೆ ಕರೆದಿದ್ದರು, ಕೆರೆಗಾಗಿ ಮೊದಲು ದನಿ ಎತ್ತಿದವಳೆಂದು. ಅಕ್ಕ ಒಪ್ಪಿಕೊಂಡಿದ್ದಳು. ಕಾರ್ಯಕ್ರಮ ಶುರುವಾಗುವ ಮುಂಚೆ ತಂಗಿ ಯಾರಿಗೂ ಕಾಣದ ಕಡೆಯಿಂದ ಮೆಟ್ಟಿಲಿಳಿದು ನೀರಿಗೆ ಬೊಗಸೆಯಿಟ್ಟಳು. ಹಸಿರು ಚಾಪೆ ಇರಲಿಲ್ಲ. ಮೂಲೆಯಲ್ಲಿ ಗಾಳಿ ತಂದು ಸೇರಿಸಿದ ಒಂದಿಷ್ಟು ಎಲೆಗಳು, ಒಗೆದು ಒಗೆದು ಬಣ್ಣ ಹೋದ ಬಟ್ಟೆಯ ಹಾಗಿದ್ದವು. ಕೊಳೆ ನಿಂತರೆ ಗಿಡಕ್ಕೆ ಆಹಾರವೂ ಕಡಿಮೆಯಾಗುತ್ತದೆ. ಕಾರ್ಖಾನೆಯವರು ಹಾಗೆಯೇ ಹೇಳುತ್ತಾರೆ, ಪ್ರೊಫೆಸರು ಸಹಿ ಹಾಕುತ್ತಾರೆ. ಆದರೆ ಹಸಿದ ಗಿಡ ಬೇರನ್ನು ಉದ್ದ ಬಿಡುತ್ತದೆ, ಎಲ್ಲಾದರೂ ಏನಾದರೂ ಸಿಕ್ಕೀತೆಂದು ತಡಕುತ್ತದೆ. ಬೇರು ಕಳಚಿಕೊಳ್ಳುವುದು ವಿಷ ತಾಕಿದ ಗಿಡ. ಅವಳು ಒಂದನ್ನು ಉಗುರಿನ ಮೇಲೆ ಎತ್ತಿ ತಿರುಗಿಸಿದಳು. ಬೇರಿರಲಿಲ್ಲ. ಇನ್ನೊಂದನ್ನು ಎತ್ತಿದಳು. ಅದಕ್ಕೂ ಇರಲಿಲ್ಲ. ಈ ಎಲೆಗಳ ಅಡಿಯಲ್ಲಿ ಅಡಗಿ ಬೆಳೆಯುವ ಮೀನಿನ ಮರಿಗಳು ಈಗ ತಿಳಿನೀರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಓಡಾಡುತ್ತಿದ್ದವು. ಹಕ್ಕಿಗಳಿಗೂ ಕಾಣುತ್ತಿದ್ದವು. ಮೇಲೆ ದಂಡೆಯಲ್ಲಿ ಜನ ಮಕ್ಕಳನ್ನು ಎತ್ತಿ ಹಿಡಿದು ಮೀನು ತೋರಿಸುತ್ತಿದ್ದರು.

ಅಕ್ಕ ಆ ದಿನ ಮತ್ತೆ ಮೊದಲಿನ ಹಾಗೆ ಮಾತಾಡಿದಳು. ಅದನ್ನು ಕೇಳಿ ಅವಳಿಗೆ ಒಂದು ಕ್ಷಣ ಹಾಯೆನಿಸಿತು. ಆಮೇಲೆ ಕಥೆ ತನ್ನ ಕಡೆಗೆ ತಿರುಗುತ್ತಿರುವುದು ಗೊತ್ತಾಯಿತು. "ನನಗೊಬ್ಬಳು ತಂಗಿ ಇದಾಳೆ," ಅಂದಳು ಅಕ್ಕ. "ಸ್ವಂತ ಅಕ್ಕ ಅಂತ ನೋಡದೆ ತುಂಬಿದ ಸಭೇಲಿ ಸತ್ಯ ಹೇಳಿದೋಳು. ಅವತ್ತು ಅವಳು ಬಾಯಿ ಬಿಡದೇ ಇದ್ದಿದ್ರೆ ಇವತ್ತು ಈ ತಿಳಿನೀರು ಇರ್ತಿರಲಿಲ್ಲ." ಹೊಗಳಿಕೆಯೋ, ಇಷ್ಟು ದಿನ ಕಾಯ್ದಿಟ್ಟ ಹೊಡೆತವೋ, ತಿಳಿಯಲಿಲ್ಲ. ಅಕ್ಕನ ಮುಖದಲ್ಲಿ ಎರಡಕ್ಕೂ ಜಾಗವಿತ್ತು. ಜನ ತಿರುಗಿ ನೋಡಿದರು. ಯಾರೋ ಅವಳ ರಟ್ಟೆ ಹಿಡಿದು ಎಬ್ಬಿಸಿದರು, ಇನ್ಯಾರೋ ಬೆನ್ನು ನೂಕಿದರು. ಒದ್ದೆ ಅಂಗೈಯಲ್ಲಿ ಇನ್ನೂ ಎರಡು ಎಲೆ ಅಂಟಿಕೊಂಡಿದ್ದವು. ಮೈಕು ಕೈಗೆ ಬಂತು.

"ಕೆರೆಯಲ್ಲಿ ಗಿಡಗಳು ಸಾಯ್ತಾ ಇವೆ," ಅಂದಳು.

ಚಪ್ಪಾಳೆ ಬಿತ್ತು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ, "ಹೂಂ ಕಣೇ, ಆ ದರಿದ್ರ ಪಾಚಿ ಪೂರ್ತಿ ಹೋಯ್ತು" ಅಂದದ್ದು ಕೇಳಿಸಿದಾಗ ಅರ್ಥವಾಯಿತು. ಅಧ್ಯಕ್ಷ ಕೂಡ ಕನ್ನಡಕ ಸರಿಪಡಿಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದ. ಅವಳು ನಿಲ್ಲಿಸಲಿಲ್ಲ. ಯಾರ ಮುಖವನ್ನೂ ನೋಡದೆ, ಕೊಳೆ ಹೇಗೆ ಕಣಗಳನ್ನು ಹಿಡಿದಿಟ್ಟಿತ್ತು, ಈಗ ಅವು ಹೇಗೆ ನೀರಿನಲ್ಲೇ ಉಳಿದು ಕರಗುತ್ತಿವೆ, ಬೇರು ಯಾಕೆ ಉದುರುತ್ತದೆ, ಗಿಡದ ನಂತರ ಮರಿಗಳು, ಮರಿಗಳ ನಂತರ ಮೀನು, ಎಲ್ಲವನ್ನೂ ಒಂದಾದ ಮೇಲೊಂದರಂತೆ ಹೇಳುತ್ತ ಹೋದಳು. ಅವಳ ದನಿ ಯಾವಾಗಲೂ ಒಣ ದನಿ. ಜನ ಮೊದಲು ಗುಸುಗುಸು ಎಂದರು, ಆಮೇಲೆ ದೋಣಿಯ ಸರದಿಗೆ ಹೋಗಿ ನಿಂತರು. ಮೈಕಿನವನು ಯಾರದೋ ಸನ್ನೆ ನೋಡಿ ಗುಂಡಿ ತಿರುಗಿಸಿದ. ಮೈಕಿಲ್ಲದೆಯೂ ಹೇಳಿದಳು. ಕೊನೆಗೆ ಹೇಳುವುದು ಏನೂ ಉಳಿಯದೆ ನಿಂತಾಗ, ಶಾಮಿಯಾನದ ಕೆಳಗೆ ಖಾಲಿ ಕುರ್ಚಿಗಳಿದ್ದವು, ವೇದಿಕೆಯ ಮೇಲೆ ಅಕ್ಕ ಒಬ್ಬಳೇ ಕೂತಿದ್ದಳು. ಅಕ್ಕ ಚಪ್ಪಾಳೆ ತಟ್ಟಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

"ಮುಗೀತಾ?" ಅಕ್ಕ ಕೇಳಿದಳು.

"ಮುಗೀತು."

"ಇದನ್ನೇ ಅವತ್ತು ಹೇಳೋಕೆ ಹೊರಟಿದ್ಯಾ?"

"ಹೂಂ."

ಅಕ್ಕ ಅವಳ ಅಂಗೈ ಎಳೆದುಕೊಂಡು, ಅಂಟಿದ್ದ ಎಲೆಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳೇನೋ, ಬಹಳ ಹೊತ್ತು ನೋಡಿದಳು. "ಹಾಗಾದ್ರೆ ಈಗ ಏನ್ ಮಾಡ್ಬೇಕು? ಮತ್ತೆ ಬಚ್ಚಲು ನೀರು ಬಿಡೋದಾ?"

"ಬೇಡ. ಕಾರ್ಖಾನೆ ಪೈಪು ಮುಚ್ಚಬೇಕು. ಅದೊಂದೇ ದಾರಿ."

ಅಕ್ಕ ತಲೆಯೆತ್ತಿದಳು.

"ನಾನು ಮೊದಲಿಂದ ಅದನ್ನೇ ಅಲ್ವೇನೇ ಹೇಳ್ತಾ ಇದ್ದಿದ್ದು?"

ಅದರಲ್ಲಿ ಸಿಟ್ಟಿರಲಿಲ್ಲ, ಗೆದ್ದ ಹಮ್ಮೂ ಇರಲಿಲ್ಲ. ಅಕ್ಕ ನಿಜವಾಗಿಯೂ ಕೇಳುತ್ತಿದ್ದಳು, ಅವಳ ಕೈ ಹಿಡಿದುಕೊಂಡೇ ಉತ್ತರಕ್ಕೆ ಕಾಯುತ್ತಿದ್ದಳು. ಕೆಳಗೆ ಮೊದಲ ದೋಣಿ ದಂಡೆ ಬಿಟ್ಟಿತು. ನೀರು ಎಷ್ಟು ಚೆನ್ನಾಗಿದೆ ನೋಡಿ ಎಂದು ಯಾರೋ ಬಗ್ಗಿ ಬೊಗಸೆಯಲ್ಲಿ ಎತ್ತಿ ಮುಖಕ್ಕೆ ಎರಚಿಕೊಂಡರು.